ಜಗಳ ಇತ್ತು, ಕಥೆ ಇರಲಿಲ್ಲ

ಬೀದರಿನಲ್ಲಿ ನಾವು ಐದು ಜನ ಭಾನುವಾರ ಸಂಜೆ ಕೂತು ರೋಲ್‌ಪ್ಲೇ ಗೇಮ್ ಆಡುತ್ತೇವೆ: ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡಬೇಕು ಅಂತ ಆರಿಸುತ್ತಾರೆ, ಕೈಗೂಡಿತಾ ಅಂತ ದಾಳ ಹೇಳುತ್ತೆ. ಕಥೆ ನಡೆಸುವವನು ನಾನು. ಈ ಸಲ ಬಹಮನಿ ಕಾಲದ ನಮ್ಮೂರನ್ನೇ ಎತ್ತಿಕೊಂಡಿದ್ದೆ. ದರ್ಬಾರಿನಲ್ಲಿ ಎರಡು ಬಣ: ಮೊದಲಿಂದ ಇಲ್ಲೇ ನೆಲೆಸಿದ್ದ ದಖನಿಗಳು, ಇರಾನ್ ಕಡೆಯಿಂದ ಬಂದ ಅಫಾಕಿಗಳು. ಹುದ್ದೆಗೂ ಜಗಳ, ಜಾಗೀರಿಗೂ ಜಗಳ.

ಮೊದಲ ವಾರ ಮುಕ್ಕಾಲು ಗಂಟೆ ಅದನ್ನೇ ವಿವರಿಸಿದೆ. ಸುಸಲಾ, ಮಿರ್ಚಿ ಖಾಲಿಯಾದವು. ದಾಳ ಮಾತ್ರ ಅಲುಗಲಿಲ್ಲ. ಕೊನೆಗೆ ಒಬ್ಬ ಕೇಳಿದ, "ಅದೆಲ್ಲಾ ಖರೇ ಅದಪಾ, ಈಗ ನಾವ್ ಏನ್ ಮಾಡ್ಬೇಕು?"

ಉತ್ತರ ಊರಲ್ಲೇ ಇತ್ತು. 1472ರಲ್ಲಿ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನ್ ಸತ್ತಿದ್ದು ಹೇಗೆ? ಬಣಗಳ ದ್ವೇಷ ಎಷ್ಟೋ ವರ್ಷದಿಂದ ಒಳಗೊಳಗೇ ಕುದಿಯುತ್ತಿತ್ತು. ಅದಕ್ಕೆ ಕಿಡಿ ಬಿದ್ದಿದ್ದು ಒಂದು ಕಾಗದದಿಂದ. ವಿರೋಧಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಗವಾನನ ಮುದ್ರೆ ಹಾಕಿಸಿದರು. ಆಮೇಲೆ ಒಡಿಶಾ ರಾಜನಿಗೆ 'ದಂಡೆತ್ತಿ ಬಾ' ಅಂತ ಅವನೇ ಬರೆದ ಹಾಗೆ ಬರೆದರು. ಸುಲ್ತಾನ ನಂಬಿದ. 1481ರಲ್ಲಿ ಗವಾನನ ತಲೆ ಹೋಯಿತು.

ಮುಂದಿನ ವಾರ ಮಾತು ಕಮ್ಮಿ ಮಾಡಿದೆ. ಅರಗು ಕಾಯಿಸಿ, ಐದು ರೂಪಾಯಿ ನಾಣ್ಯ ಒತ್ತಿ, ಒಂದು ಪತ್ರ ಮಾಡಿ ಮೇಜಿನ ಮೇಲಿಟ್ಟೆ. (ಬೆರಳೂ ಸುಟ್ಟುಕೊಂಡೆ.) ಮುದ್ರೆ ಅಸಲಿ, ಬರಹ ನಕಲಿ. ಸಂಜೆ ನಗಾರಿ ಬಾರಿಸುವುದರೊಳಗೆ ಅದು ಸುಲ್ತಾನನ ಕೈಗೆ ಹೋಗುತ್ತೆ. ಒಬ್ಬನ ಪಾತ್ರ ವಜೀರನ ಅನ್ನ ತಿಂದು ಬೆಳೆದ ಸಿಪಾಯಿ. ಇನ್ನೊಬ್ಬನ ಅಣ್ಣನೇ ಅದನ್ನು ಬರೆದವನು. ಸುಟ್ಟರೆ ಮೋಸಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಯ್ತು. ಯಾಕಂದ್ರೆ ಶಾಯಿ ಅರಗಿನ ಮೇಲೆ ಹರಿದಿತ್ತು, ಅಂದ್ರೆ ಮೊದಲು ಮುದ್ರೆ, ಆಮೇಲೆ ಬರಹ. ತೋರಿಸಿದರೆ ಅಣ್ಣನಿಗೆ ನೇಣು. ಹತ್ತು ನಿಮಿಷದಲ್ಲಿ ಅವರಿಬ್ಬರೂ ಎದ್ದು ನಿಂತು ಜಗಳ ಆಡುತ್ತಿದ್ದರು. ನಾನು ಸುಮ್ನೆ ಚಹಾ ಕುಡಿದೆ.

ಈಗ ಆಟಕ್ಕೆ ಮುಂಚೆ ಒಂದೇ ಸಾಲು ಬರೆದಿಟ್ಟುಕೊಳ್ಳುತ್ತೇನೆ: ಇವರು ಕೈಕಟ್ಟಿ ಕೂತರೆ ರಾತ್ರಿಯೊಳಗೆ ಏನಾಗುತ್ತೆ? 'ಏನೂ ಆಗಲ್ಲ' ಅಂತ ಬಂದರೆ ಆ ಹಾಳೆ ಹರಿದು ಹಾಕುತ್ತೇನೆ. ಆಟಗಾರ ಏನು ಆರಿಸಬೇಕು ಅನ್ನೋದಕ್ಕೆ ದಾಳ ಹಾಕಿಸುವುದನ್ನೂ ಬಿಟ್ಟೆ. ಆರಿಸಿದ ಮೇಲೆ ಕೈಗೂಡಿತಾ ಅಂತ ನೋಡೋಕೆ ಮಾತ್ರ ದಾಳ.

ಮುಂದಿನ ವಾರ ಸುರಂಗ ಬಾವಿಯ, ಅಂದ್ರೆ ನೆಲದಡಿಯ ಕಾಲುವೆಯಿಂದ ನೀರು ಬರೋ ಬಾವಿಯ, ನೀರಿನ ಜಗಳ. ನೀರು ಯಾರದು ಅಂತ ಶುರು ಮಾಡಲ್ಲ. ರಾತ್ರೋರಾತ್ರಿ ಯಾರೋ ಬಾವಿಯ ಬಾಯಿಗೆ ಕಲ್ಲು ಹಾಕಿದ್ದಾರೆ. ಹೂಳು ತೆಗೆಯಲು ಇಳಿದವನು ಇನ್ನೂ ಮೇಲೆ ಬಂದಿಲ್ಲ.