ಪೆಡಲ್ ಕೊಳ್ಳುವ ಮುನ್ನ ಸ್ಕ್ರೂಡ್ರೈವರ್ ಹಿಡಿಯಿರಿ

ಎಲೆಕ್ಟ್ರಿಕ್ ಗಿಟಾರ್ ಮನೆಗೆ ಬಂದ ಮೂರನೇ ತಿಂಗಳಿಗೆ ಒಂದು ಜ್ವರ ಹತ್ತುತ್ತದೆ. ಬೆರಳು ಇನ್ನೂ ಎಫ್ ಕಾರ್ಡ್ ಎಂಬ ಸ್ವರಗುಚ್ಛ ಒತ್ತಲು ಒದ್ದಾಡುತ್ತಿರುತ್ತದೆ, ಕಣ್ಣು ಮಾತ್ರ ಮೊಬೈಲಿನಲ್ಲಿ ಪೆಡಲ್‌ಗಳ, ಅಂದರೆ ಕಾಲಲ್ಲೊತ್ತಿ ನಾದ ಬದಲಿಸುವ ಪೆಟ್ಟಿಗೆಗಳ, ಬೆಲೆ ನೋಡುತ್ತಿರುತ್ತದೆ. ಆ ಜ್ವರದಲ್ಲಿ ನಾನು ಎರಡು ವರ್ಷ ನರಳಿದ್ದೇನೆ. ಈಗ ಅನ್ನಿಸುವುದಿಷ್ಟು: ಟೋನ್, ಅಂದರೆ ನಾದದ ಬಣ್ಣ, ಹುಡುಕುವವರು ತಂತಿಯಿಂದ ಹೊರಟು ಸ್ಪೀಕರಿನ ಕಡೆಗೆ ಬರಬೇಕು. ಮೊದಲರ್ಧ ದಾರಿಗೆ ಹೆಚ್ಚು ದುಡ್ಡೂ ಬೇಕಿಲ್ಲ.

ತಂತಿ, ಕತ್ತು, ಶ್ರುತಿ

ತುಕ್ಕು ಹಿಡಿದ ತಂತಿಯಿಂದ ಯಾವ ಆಂಪ್ (ನಾದ ಹಿಗ್ಗಿಸುವ ಆಂಪ್ಲಿಫೈಯರ್) ಕೂಡ ಮಿಂಚು ಹೊರಡಿಸಲಾರದು. ಕರಾವಳಿಯ ಸೆಕೆಯಲ್ಲಂತೂ ಬೆವರು ತಂತಿಯನ್ನು ಬೇಗ ತಿನ್ನುತ್ತದೆ. ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಒರೆಸಿಡಿ. ಹೊಸ ತಂತಿಗೆ 10-46ರ ಕಟ್ಟು ಒಳ್ಳೆಯ ಆರಂಭ. ಇವು ಅತಿ ತೆಳು ಮತ್ತು ಅತಿ ದಪ್ಪ ತಂತಿಗಳಿಗೆ ಇಂಚಿನ ಸಾವಿರದ ಭಾಗದಲ್ಲಿ ಹೇಳಿದ ದಪ್ಪಗಳು.

ಬಳಿಕ ಕತ್ತಿನ ಮೇಲಿನ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಹನ್ನೆರಡನೆಯದಕ್ಕೆ ಬನ್ನಿ. ಅಲ್ಲಿ ತಂತಿಯನ್ನು ಒತ್ತದೆ ಬರೀ ತಾಗಿಸಿ ಹಾರ್ಮೋನಿಕ್ ಎಂಬ ಗಂಟೆಯಂಥ ಸ್ವರ ನುಡಿಸಿ, ನಂತರ ಒತ್ತಿ ನುಡಿಸಿ. ಟ್ಯೂನರ್ ಎರಡಕ್ಕೂ ಒಂದೇ ಸ್ಥಾನ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜಿನಲ್ಲಿ (ಗಿಟಾರಿನ ಕುದುರೆಯಲ್ಲಿ) ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಫ್ರೆಟ್‌ಗಳ ಕಡೆಗೆ ತನ್ನಿ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಕೊಂಡೇ ನೋಡಬೇಕು. ತಂಬೂರಿಯ ಕುದುರೆಯ ಮೇಲೆ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಕೂತವರನ್ನು ನೋಡಿದ್ದರೆ ಈ ಕೆಲಸ ಹೊಸದೆನಿಸದು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಗಿಟಾರಿನಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ! ಮಳೆಗಾಲದ ತೇವಕ್ಕೆ ಮರ ಉಬ್ಬಿ ಕತ್ತು ಬಾಗುತ್ತದೆ. ಅದನ್ನು ನೆಟ್ಟಗಾಗಿಸುವ ಒಳಗಿನ ಸರಳು, ಟ್ರಸ್ ರಾಡನ್ನು, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅಂದಹಾಗೆ ಎಷ್ಟೋ ಗಿಟಾರುಗಳಲ್ಲಿ ಬೆರಳಾಡುವ ಆ ಕಪ್ಪುಗಂದು ಹಲಗೆ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ ಜಾತಿಯದು. ಇಂಡಿಯನ್ ರೋಸ್‌ವುಡ್ ಎಂದು ಜಗತ್ತು ಕರೆಯುವುದು ಅದನ್ನೇ.

ಪಿಕಪ್ ಎಷ್ಟು ಎತ್ತರ?

ಯಾರೂ ಮುಟ್ಟದ, ಆದರೆ ಅತಿ ಹೆಚ್ಚು ಫಲ ಕೊಡುವ ಎರಡು ಸ್ಕ್ರೂಗಳು ಇಲ್ಲಿವೆ. ಅಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್, ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವುದು ಅದೇ. ಅದನ್ನು ಮೇಲೇರಿಸಿದಷ್ಟೂ ಸದ್ದು ಜೋರು ಎಂದು ನಂಬಿ ನಾನು ಒಮ್ಮೆ ತುದಿಯವರೆಗೆ ಏರಿಸಿಟ್ಟಿದ್ದೆ. ದಪ್ಪ ತಂತಿ ಮೀಟಿದರೆ ಒಂದೇ ಸ್ವರ ಎರಡಾಗಿ ಓಲಾಡುತ್ತಿತ್ತು. ಶ್ರುತಿ ಎಷ್ಟು ಮಾಡಿದರೂ ನಿಲ್ಲಲಿಲ್ಲ. ಅಯಸ್ಕಾಂತ ತಂತಿಯನ್ನೇ ಹಿಡಿದೆಳೆಯುತ್ತಿದೆ ಎಂದು ಹೊಳೆಯಲು ಒಂದು ತಿಂಗಳು ಬೇಕಾಯಿತು.

ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ತಂತಿಗೂ ಪಿಕಪ್‌ಗೂ ನಡುವಿನ ಅಂತರ ಅಳೆಯಿರಿ. ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಆದರೆ ದಪ್ಪ ತಂತಿಯ ಕಡೆ 2.4 ಮಿ.ಮೀ., ತೆಳು ತಂತಿಯ ಕಡೆ 2 ಮಿ.ಮೀ. ಇಟ್ಟು ಶುರುಮಾಡಿ. ಎರಡು ಕಾಯಿಲ್‌ಗಳ ಹಂಬಕರ್ ಇನ್ನೂ ತುಸು ಹತ್ತಿರವಿದ್ದರೂ ನಡೆಯುತ್ತದೆ. ಕತ್ತಿನ ಬಳಿ ತಂತಿ ಹೆಚ್ಚು ಅಲುಗುವುದರಿಂದ ಅಲ್ಲಿನ ಪಿಕಪ್ ಬ್ರಿಡ್ಜಿನದಕ್ಕಿಂತ ಕೆಳಗಿರಲಿ. ಅರ್ಧ ಸುತ್ತು ತಿರುಗಿಸಿ, ನುಡಿಸಿ, ಕೇಳಿ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಆ ಗುಂಯ್ ಎಲ್ಲಿಯದು?

ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಓಲಾಡುತ್ತದೆ. ಸಿಂಗಲ್ ಕಾಯಿಲ್ ಪಿಕಪ್ ಆ ಓಲಾಟವನ್ನೂ ತಂತಿಯ ನಾದವೆಂದೇ ಹಿಡಿದು ಆಂಪ್‌ಗೆ ಕಳಿಸುತ್ತದೆ. ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ ಎರಡು ಕಾಯಿಲ್‌ಗಳಿಂದ ಇದನ್ನು ಅಳಿಸುವ ಹಂಬಕರನ್ನು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ರೂಪಿಸಿದರು.

ಪರೀಕ್ಷೆ ಸುಲಭ. ಗಿಟಾರ್ ಹಿಡಿದು ಕುರ್ಚಿಯಲ್ಲೇ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ತಗ್ಗಿದರೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಡಿಮ್ಮರ್ ಕಾರಣ. ಆಂಪ್‌ನಿಂದ ದೂರ ಕೂತುಕೊಳ್ಳಿ. ಎತ್ತ ತಿರುಗಿದರೂ ತಗ್ಗದೆ, ತಂತಿ ಮುಟ್ಟಿದ ಕೂಡಲೇ ಸದ್ದು ಬಹಳ ಇಳಿದರೆ ಮೊದಲು ಅರ್ಥಿಂಗ್ ನೋಡಿ. ನನ್ನ ಕೋಣೆಯ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮೂರು ತೂತುಗಳಿದ್ದವು, ಒಳಗೆ ವೈರ್ ಮಾತ್ರ ಎರಡೇ! ಅದು ತಿಳಿಯುವ ಮುನ್ನ ಸದ್ದಡಗಿಸುವ ಪೆಡಲೊಂದನ್ನು ಕೊಂಡಾಗಿತ್ತು. ಟೋನಿನ ಮಾತು ಹಾಗಿರಲಿ, ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಅದಕ್ಕೆ ಅರ್ಥ್ ಇಲ್ಲದಿದ್ದರೆ ಒಳಗೆ ದೋಷ ಬಂದ ದಿನ ಕರೆಂಟ್ ನಿಮ್ಮ ಬೆರಳಿಗೇ ಬರುತ್ತದೆ. ಗಾಜಿನ ವಾಲ್ವ್‌ಗಳಿಂದ ನಡೆಯುವ ವಾಲ್ವ್ ಆಂಪನ್ನು ನೀವೇ ಬಿಚ್ಚಲೂ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು.

ನಾಬ್‌ಗಳು ತಿರುಗಿಸುವುದಕ್ಕೇ ಇರುವುದು

ಗಿಟಾರಿನ ವಾಲ್ಯೂಮ್ 10ಕ್ಕೆ ಅಂಟಿಕೊಂಡೇ ಎಷ್ಟೋ ಗಿಟಾರುಗಳು ಹಳತಾಗುತ್ತವೆ. ಆಂಪ್‌ನಲ್ಲಿ ಬಾಸ್, ಮಿಡ್, ಟ್ರೆಬಲ್ (ತಗ್ಗು, ನಡು, ಮೇಲಿನ ಸದ್ದುಗಳ ನಾಬ್‌ಗಳು) ಮೂರನ್ನೂ ನಡುವಿಗೆ ಇಟ್ಟು, ನಾದವನ್ನು ಒಡೆಯುವಷ್ಟು ಹಿಗ್ಗಿಸಬಲ್ಲ ಗೇನ್ ನಾಬನ್ನು ಮೆಲ್ಲನೆ ಏರಿಸಿ. ಗಟ್ಟಿಯಾಗಿ ಮೀಟಿದರೆ ನಾದ ಒಡೆಯಬೇಕು, ಮೆತ್ತಗೆ ಮೀಟಿದರೆ ಒಡೆಯಬಾರದು, ಅಲ್ಲಿಗೆ ನಿಲ್ಲಿಸಿ. ಈಗ ಗಿಟಾರಿನ ವಾಲ್ಯೂಮನ್ನು 6ಕ್ಕೆ ಇಳಿಸಿದರೆ ಶುಭ್ರ ನಾದ, 10ಕ್ಕೆ ಏರಿಸಿದರೆ ಗರ್ಜನೆ. ಪೆಡಲನ್ನು ಒತ್ತಿಯೇ ಇಲ್ಲ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಮಂಕಾದರೆ ನಿಮ್ಮ ಕೇಬಲಿನ ಉದ್ದ ನೋಡಿ. ಕೋಣೆಗೆ 3 ಮೀಟರ್ ಧಾರಾಳ, 10 ಮೀಟರಿನ ಕೇಬಲ್ ಟ್ರೆಬಲನ್ನು ನುಂಗುತ್ತದೆ.

ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ ಇಳಿಸಿ ಬಾಸ್ ಏರಿಸಿದರೆ ಬಹಳ ಚೆಂದ ಕೇಳುತ್ತದೆ. ಅದೇ ಸೆಟ್ಟಿಂಗಿನಲ್ಲಿ ಬ್ಯಾಂಡ್ ಜೊತೆ ನಿಂತರೆ ಬಾಸ್ ಗಿಟಾರ್, ಡ್ರಮ್‌ಗಳ ನಡುವೆ ನಿಮ್ಮ ನಾದ ಮುಳುಗುತ್ತದೆ. ಗಿಟಾರ್ ಬದುಕುವುದು ಮಿಡ್‌ನಲ್ಲಿ.

ಇನ್ನೊಂದು ಪುಕ್ಕಟೆ ಉಪಾಯ. ಸ್ಪೀಕರಿನಿಂದ ಟ್ರೆಬಲ್ ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಹೊರಡುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಕೇಳುತ್ತದೆ! ನೀವು ಮಂಕೆಂದು ಟ್ರೆಬಲ್ ಏರಿಸುತ್ತೀರಿ, ಎದುರಿಗೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. ವ್ಯಾಟ್‌ಗೂ ಮರುಳಾಗಬೇಡಿ: 50ರಿಂದ 100 ವ್ಯಾಟ್‌ಗೆ ಹೋದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ.

ಈಗ ಪೆಡಲ್

ಇಷ್ಟಾದ ಮೇಲೂ ಬೇಕೆನಿಸಿದರೆ ನಾದ ಒಡೆಸುವ ಪೆಡಲ್, ಒಂದು ಓವರ್‌ಡ್ರೈವ್, ಕೊಳ್ಳಿ. ಟ್ಯೂನರ್ ಮೊದಲು, ಆಮೇಲೆ ನಾದವನ್ನು ವಾ-ವಾ ಎನ್ನಿಸುವ ವಾವಾ, ಓವರ್‌ಡ್ರೈವ್, ಕೊನೆಗೆ ಮಾರ್ದನಿ ಕೊಡುವ ಡಿಲೇ, ರಿವರ್ಬ್ ಎಂಬುದು ರೂಢಿಯ ಸಾಲು. ಆ ಸಾಲನ್ನು ಮುರಿದು ನೋಡುವುದರಲ್ಲಿ ತಪ್ಪಿಲ್ಲ. ಹೆಚ್ಚಿನವು 9 ವೋಲ್ಟಿನವು, ನಡುವಿನ ಪಿನ್ ನೆಗೆಟಿವ್. ಅಡಾಪ್ಟರ್ ಚುಚ್ಚುವ ಮುನ್ನ ಗುರುತು ಓದಿಕೊಳ್ಳಿ. ಬ್ಯಾಟರಿ ಹಾಕಿದ್ದರೆ ಎದ್ದು ಹೋಗುವಾಗ ಪೆಡಲಿನ ಇನ್‌ಪುಟ್‌ನಿಂದ ಕೇಬಲ್ ಕಿತ್ತಿಡಿ. ದೀಪ ಆರಿದ್ದರೂ ಕೇಬಲ್ ಚುಚ್ಚಿರುವಷ್ಟು ಹೊತ್ತು ಬ್ಯಾಟರಿ ಸೋರುತ್ತಲೇ ಇರುತ್ತದೆ.