ಜಾಗ ಬಿಡಿಸಿದರೆ ಚೀಲ ಬಂದಂತಲ್ಲ: ವೆಕ್ಟರ್ ಕಾಪಿಯಲ್ಲಿ ನಾನು ಕಲಿತದ್ದು

ಕಲಬುರಗಿಯ ನೆಹರು ಗಂಜ್‌ನ ಒಂದು ಅಡತ್ ಅಂಗಡಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆದುಕೊಟ್ಟೆ. ಎಲೆಕ್ಟ್ರಾನಿಕ್ ಕಾಟಾದಿಂದ ತೊಗರಿ ಚೀಲದ ತೂಕ ಓದಬೇಕು, ವೆಕ್ಟರ್‌ನಲ್ಲಿ (ಬೇಕಾದಂತೆ ಬೆಳೆಯುವ, ಸಾಲು ಮನೆಗಳ ಪಟ್ಟಿ) ಇಡಬೇಕು, ಸಂಜೆ ಪಟ್ಟಿ ತೆಗೆಯಬೇಕು. ಮೊದಲು ಬರೀ ತೂಕ ಇತ್ತು, ಹೆಸರು ಇರಲಿಲ್ಲ.

ಬೆಳಗಿನ ತೂಕಗಳನ್ನು ದಿನದ ಪಟ್ಟಿಗೆ ಸೇರಿಸಲು 200 ಚೀಲಕ್ಕೆ ರಿಸರ್ವ್ ಮಾಡಿ, ಆ ಪಟ್ಟಿಯ ಬಿಗಿನ್, ಅಂದರೆ ಮೊದಲ ಮನೆ, ತೋರಿಸಿ ಲೈಬ್ರರಿಯ ಕಾಪಿ ಫಂಕ್ಷನ್‌ನಿಂದ ನಕಲು ಮಾಡಿದೆ. ಪ್ರೋಗ್ರಾಂ ಸುಮ್ನೆ ಓಡಿತು. ಆದರೆ ಸೈಜ್ ಕೇಳಿದರೆ ಸೊನ್ನೆ! ರಿಸರ್ವ್ ಗೋದಾಮಿನಲ್ಲಿ ಜಾಗ ಬಿಡಿಸುತ್ತದೆ, ವಹಿಯಲ್ಲಿ ಚೀಲ ಬರೆಯುವುದಿಲ್ಲ. ಕಾಪಿಯ ಕೈಗೆ ಸಿಗುವುದು ಇಟರೇಟರ್, ಅಂದರೆ ಒಂದು ಮನೆಯನ್ನು ತೋರಿಸುವ ಬೆರಳು, ಮಾತ್ರ. ಅದರ ಹಿಂದಿನ ವೆಕ್ಟರ್ ಅದಕ್ಕೆ ಕಾಣುವುದೇ ಇಲ್ಲ, ಇನ್ನು ಬೆಳೆಸುವುದು ಹೇಗೆ? ಬಿಗಿನ್ ಬದಲು ಬ್ಯಾಕ್ ಇನ್ಸರ್ಟರ್ ಕೊಟ್ಟೆ. ಅದು ಒಂದೊಂದನ್ನೂ ಪುಶ್ ಬ್ಯಾಕ್ ಮಾಡುತ್ತದೆ, ಅಂದರೆ ಕೊನೆಗೆ ಹೊಸ ಮನೆ ಮಾಡಿ ಸೇರಿಸುತ್ತದೆ. ಸರಿಹೋಯಿತು.

ಎರಡನೆಯದು ಜಾಸ್ತಿ ಕಾಡಿತು. ಬಿಟ್ಟುಹೋದ ಚೀಲವನ್ನು ಪಟ್ಟಿಯ ನಡುವೆ ಸೇರಿಸಬೇಕು ಅಂದರು ಮುನೀಮರು. ವೆಕ್ಟರನ್ನು ಒಂದು ಮನೆ ಹಿಗ್ಗಿಸಿ, ಆ ಜಾಗದಿಂದ ಕೊನೆಯವರೆಗಿನದನ್ನು ಒಂದು ಸಾಲು ಕೆಳಗೆ ಕಾಪಿ ಮಾಡಿದೆ. ವಾರಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ತೂಕದ ಜೊತೆ ರೈತರ ಹೆಸರೂ ಬೇಕಾಯಿತು, ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಡುವ ಸ್ಟ್ರಕ್ಟ್ ಮಾಡಿ, ಹೆಸರಿಗೆ ಸ್ಟ್ರಿಂಗ್ (ಅಕ್ಷರಗಳ ಸರಣಿ) ಸೇರಿಸಿದೆ. ಮರುದಿನ ಮುನೀಮರ ಫೋನು: "ಸರ, ಕೆಳಗಿನ ಚೀಲಾ ಎಲ್ಲಾ ಒಬ್ಬರ ಹೆಸರಿಗೇ ಬಂದಾವ ನೋಡ್ರಿ!"

ಆಗಿದ್ದು ಇಷ್ಟು. ಕಾಪಿ ಮೇಲಿನಿಂದ ಶುರು ಮಾಡುತ್ತದೆ. 12ನೇ ಸಾಲು 13ರ ಮೇಲೆ ಬಿತ್ತು. 13ರಲ್ಲಿದ್ದದ್ದು ಆಗಲೇ ಅಳಿಸಿಹೋಗಿದೆ, ಆದ್ದರಿಂದ 14ಕ್ಕೆ ಹೋಗಿದ್ದೂ 12ರದೇ. ಹೀಗೇ ಕೊನೆಯ ತನಕ. ಬರೀ ಅಂಕಿಗಳಿದ್ದಾಗ ಲೈಬ್ರರಿ ಒಳಗೊಳಗೇ ಮೆಮೊರಿಯ ತುಂಡನ್ನು ಒಟ್ಟಿಗೇ ಸಾಗಿಸುವ ಮೆಮ್‌ಮೂವ್ ಬಳಸುತ್ತಿತ್ತು. ಅದು ಒಂದರ ಮೇಲೊಂದು ಬರುವ ಜಾಗಗಳನ್ನೂ ಸರಿಯಾಗಿ ಸಾಗಿಸುತ್ತದೆ, ಹಾಗಾಗಿ ತಪ್ಪು ಮುಚ್ಚಿಹೋಗಿತ್ತು. ಸ್ಟ್ರಿಂಗ್ ಬಂದ ಮೇಲೆ ಒಂದೊಂದೇ ಸಾಲು ಕಾಪಿ ಆಗತೊಡಗಿತು. ಹೋಗಿ ಸೇರುವ ಜಾಗದ ಮೊದಲ ಮನೆ, ಎತ್ತಿಕೊಳ್ಳುವ ಸಾಲುಗಳ ಒಳಗೇ ಇದ್ದರೆ ಕಾಪಿ ಬಳಸಬಾರದು ಅನ್ನುವುದೇ ನಿಯಮ. ಮೇಲಕ್ಕೆ ಸರಿಸಲು ಕಾಪಿ ನಡೆಯುತ್ತದೆ. ಕೆಳಕ್ಕೆ ಸರಿಸಲು, ಕೊನೆಯಿಂದ ಶುರು ಮಾಡುವ ಕಾಪಿ ಬ್ಯಾಕ್‌ವರ್ಡ್ ಬೇಕು. ಅದಕ್ಕೆ ಕೊಡುವ ಮೂರನೆಯ ಇಟರೇಟರ್ ಸೇರುವ ಜಾಗದ ಆರಂಭವಲ್ಲ, ಕೊನೆ. ಇಲ್ಲಿ ಎಡವುವುದು ಸುಲಭ.

ರೈತ ಆ ಪಟ್ಟಿ ನೋಡಿಯೇ ದುಡ್ಡು ಎಣಿಸಿಕೊಳ್ಳುತ್ತಾನೆ, ಅಲ್ವಾ? ಮುನೀಮರು ಕೈಯಲ್ಲಿ ಬರೆದ ವಹಿ ಇದ್ದದ್ದರಿಂದ ಅವತ್ತು ಯಾರ ಲೆಕ್ಕವೂ ತಪ್ಪಲಿಲ್ಲ.

ಈಗ ಇಂಥ ಕಡೆಯೆಲ್ಲ ವೆಕ್ಟರ್‌ನದೇ ಇನ್ಸರ್ಟ್ ಬಳಸುತ್ತೇನೆ. ಜಾಗ ಬೆಳೆಸುವುದು, ಸರಿಸುವುದು ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಒಂದೇ ಎಚ್ಚರ: ವೆಕ್ಟರ್‌ನ ಸಾಲುಗಳನ್ನು ಅದೇ ವೆಕ್ಟರ್‌ಗೆ ಸೇರಿಸುವಾಗ ಮೊದಲು ಬೇರೆ ವೆಕ್ಟರ್‌ಗೆ ಎತ್ತಿಕೊಳ್ಳಬೇಕು. ಸಿ ಪ್ಲಸ್ ಪ್ಲಸ್ 23ರಲ್ಲಿ, ಒಂದು ಪಟ್ಟಿಯನ್ನೇ ಕೊನೆಗೆ ಸೇರಿಸುವ ಅಪೆಂಡ್ ರೇಂಜ್ ಕೂಡ ಬಂದಿದೆ.

ಟೆಸ್ಟ್‌ಗೆ ಮೂರು ಬೇರೆ ಬೇರೆ ಹೆಸರಿನ ಮೂರು ಸಾಲು ಇಟ್ಟಿದ್ದೇನೆ. ನಡುವೆ ಒಂದು ಚೀಲ ಸೇರಿಸಿ, ನಾಲ್ಕೂ ಹೆಸರು ಓದಿ ನೋಡಿದ ಮೇಲೆಯೇ ಅಂಗಡಿಗೆ ಕಳಿಸುತ್ತೇನೆ.