ಬೀದಿಗೂ ಒಂದು ಮಳೆ ಪುಸ್ತಕ ಇಡಿ

ಮೂಡಿಗೆರೆ ಕಡೆಯ ಹಳೆಯ ತೋಟದ ಮನೆಗಳಲ್ಲಿ ಕಿಟಕಿಯ ದಂಡೆಯ ಮೇಲೆ ಅಂಚು ಸವೆದ ಒಂದು ನೋಟ್‌ಬುಕ್ ಇರುತ್ತದೆ. ಮಳೆ ಪುಸ್ತಕ. ಬೆಳಿಗ್ಗೆ ಎದ್ದು ಅಂಗಳದ ಮಾಪಕ ನೋಡಿ ‘ಒಂದು ಇಂಚು ನಲವತ್ತು ಸೆಂಟು’ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಎಂದು ಬರೆದ ಮೇಲೆಯೇ ಕಾಫಿ. ಅಜ್ಜನ ಅಕ್ಷರವೂ ಅಲ್ಲಿದೆ, ಮೊಮ್ಮಗನದೂ ಇದೆ. ಜನವರಿಯಲ್ಲಿ ಮಳೆ ಬಿದ್ದು ಕಣದಲ್ಲಿ ಹರವಿದ್ದ ಕಾಫಿ ನೆನೆಯಿತು, ಹಣ್ಣು ಕೊಯ್ಯುವ ಮೊದಲೇ ಗಿಡ ಹೂ ಬಿಟ್ಟಿತು ಎಂದು ಬೆಳೆಗಾರರು ಹೇಳಿದರೆ ಅದು ಗೊಣಗಾಟ ಅನ್ನಿಸುವುದಿಲ್ಲ. ಪುಸ್ತಕ ತೆಗೆದು ತೋರಿಸುತ್ತಾರಲ್ಲ!

ಚಿಕ್ಕಮಗಳೂರು ಪೇಟೆಯವರಾದ ನಮಗೆ ಹೊಗೆ, ಸೆಕೆ, ವಾರಾಂತ್ಯದ ಟ್ರಾಫಿಕ್ಕನ್ನು ಬೈಯಲು ಹೋಟೆಲ್ ಟೇಬಲ್ ಇದೆ, ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಕಚೇರಿಯ ಮೇಜಿನ ಮೇಲೆ ಇಡಲು ಏನೂ ಇಲ್ಲ. ಹವಾಮಾನ ಬದಲಾವಣೆಗೆ, ಊರಿನ ಆರೋಗ್ಯಕ್ಕೆ ತಾವೂ ಏನಾದರೂ ಮಾಡಬೇಕು ಎನ್ನುವವರು ಮೊದಲು ಅಂಗಡಿಗೆ ಹೋಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಬ್ಯಾನರ್ ಆಮೇಲೆ ಬರೆಸೋಣ.

ಒಂದು ಬೀದಿ, ಒಂದು ತೊಂದರೆ

ಭೂಮಿಯನ್ನು ಉಳಿಸುವ ಕೆಲಸ ಸದ್ಯಕ್ಕೆ ಬೇಡ. ನಿಮ್ಮ ಮನೆಯಿಂದ ಹಾಲಿನ ಬೂತಿನವರೆಗಿನ ದಾರಿ ಸಾಕು. ಆ ದಾರಿಯಲ್ಲಿ ಒಂದೇ ಒಂದು ತೊಂದರೆ ಆರಿಸಿಕೊಳ್ಳಿ. ಚರಂಡಿ, ಫುಟ್‌ಪಾತ್, ಕಡಿದ ಮರ, ಸುಡುವ ಕಸ ಯಾವುದಾದರೂ ಆದೀತು.

ನಾನು ಹಿಡಿದದ್ದು ಕಸದ ಬೆಂಕಿ. ಕಾರಣ ಸರಳ: ನಮ್ಮ ಅಮ್ಮನಿಗೆ ಉಬ್ಬಸ. ಬೆಳಗಿನ ಚಳಿಯಲ್ಲಿ ಹೊಗೆ ಮೇಲೇರದೆ ಕಿಟಕಿಯ ಮಟ್ಟದಲ್ಲೇ ನಿಲ್ಲುತ್ತಿತ್ತು. ಇದು ಹವಾಮಾನದ ವಿಷಯ ಹೇಗೆ ಎಂದು ಕೇಳುವವರಿದ್ದಾರೆ. ಕಸ ಸುಟ್ಟಾಗ ಏಳುವ ಕಪ್ಪು ಮಸಿ ಶ್ವಾಸಕೋಶಕ್ಕೂ ಹೋಗುತ್ತದೆ, ಗಾಳಿಯಲ್ಲಿ ತೇಲುತ್ತಾ ಬಿಸಿಲನ್ನು ಹೀರಿ ವಾತಾವರಣವನ್ನೂ ಕಾಯಿಸುತ್ತದೆ. ಸುಡದೆ ರಾಶಿ ಹಾಕಿದರೆ ಇನ್ನೊಂದು ಪಾಡು. ಗಾಳಿಯಾಡದ ರಾಶಿಯೊಳಗೆ ಹಸಿ ಕಸ ಕೊಳೆತು ಮೀಥೇನ್ ಹುಟ್ಟುತ್ತದೆ. 20 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಹಿತ್ತಲಲ್ಲಿ ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವ ಅಜ್ಜಿ ಮಾಡುತ್ತಿರುವುದು ಹವಾಮಾನದ ಕೆಲಸವೇ. ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಹದಿನೈದು ದಿನ ಬರೀ ಬರೆಯಿರಿ

ತಾರೀಖು, ಹೊತ್ತು, ಜಾಗ, ಕಂಡದ್ದು. ಅಭಿಪ್ರಾಯ ಬರೆಯಬೇಡಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘ಸೋಮವಾರ, ಬೆಳಿಗ್ಗೆ 6.50. ಟ್ರಾನ್ಸ್‌ಫಾರ್ಮರ್ ಪಕ್ಕ. ತೆಂಗಿನ ಗರಿ, ಹಾಲಿನ ಕವರು, ಒಂದು ಹಳೆ ಚಪ್ಪಲಿ. 40 ನಿಮಿಷ ಉರಿಯಿತು.’ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಆದರೆ ಯಾರ ಮುಖವೂ ಬೀಳದಿರಲಿ. ಬೀದಿಯಲ್ಲಿ ವೈರ ಕಟ್ಟಿಕೊಂಡು ಚಳವಳಿ ಮಾಡಲಾಗದು.

ಎರಡು ವಾರದ ಪುಟಗಳನ್ನು ಒಟ್ಟಿಗೆ ನೋಡಿದಾಗ ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು. ಜನಕ್ಕೆ ಬುದ್ಧಿಯಿಲ್ಲ ಎಂದು ತಿಳಿದಿದ್ದೆ. ಬೀದಿಯ ಹಿಂಬದಿಯ ಬಾಡಿಗೆ ರೂಮುಗಳಲ್ಲಿ ಇರುವವರು ಆರೂವರೆಯ ಬಸ್ಸಿಗೆ ಕೆಲಸಕ್ಕೆ ಹೊರಡುತ್ತಾರೆ, ಕಸದ ಆಟೊ ಬರುವುದು ಎಂಟಕ್ಕೆ. ಅವರು ಕವರು ಕಟ್ಟಿ ಟ್ರಾನ್ಸ್‌ಫಾರ್ಮರ್ ಬಳಿ ಇಡುತ್ತಾರೆ, ನಾಯಿ ಎಳೆಯುತ್ತದೆ, ವಾಸನೆ ತಾಳಲಾರದೆ ಎದುರು ಮನೆಯವರು ಕಡ್ಡಿ ಗೀರುತ್ತಾರೆ. ತೊಂದರೆ ಇದ್ದದ್ದು ಒಂದೂವರೆ ಗಂಟೆಯ ಅಂತರದಲ್ಲಿ.

ಗಾಳಿಯ ಅಂಕಿಯೂ ಬೇಕಿದ್ದರೆ, ಚಿಕ್ಕಮಗಳೂರಿನ ಕಲ್ಯಾಣನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ‘ಸಮೀರ್’ ಆ್ಯಪ್‌ನಲ್ಲಿ ನೋಡಬಹುದು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ 24 ಗಂಟೆಗಳ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದರೆ ಮಾಪನ ಕೇಂದ್ರದ ಅಂಕಿ ನಿಮ್ಮ ಬೀದಿಯ ಹೊಗೆಯನ್ನು ಹಿಡಿಯುವುದಿಲ್ಲ. ಅದಕ್ಕೇ ಪುಸ್ತಕ.

ಪೌರಕಾರ್ಮಿಕರನ್ನು ಮೊದಲು ಕೇಳಿ

ಇಲ್ಲಿ ನಾನು ಎಡವಿದ್ದೆ. ನೇರ ಅಧಿಕಾರಿಗಳ ಬಳಿ ಓಡಿದ್ದೆ. ಒಂದು ಬೆಳಿಗ್ಗೆ ಆಟೊ ಹಿಂದೆ ನಡೆದು ಬರುತ್ತಿದ್ದ ಹೆಂಗಸಿಗೆ ‘ಅಕ್ಕಾ, ಸ್ವಲ್ಪ ಬೇಗ ಬರೋಕಾಗಲ್ವಾ’ ಎಂದೆ. ‘ನಮ್ದು ಆ ಕಡೆ ಬೀದಿಯಿಂದ ಶುರು ಸಾರ್. ಈ ಕಡೆಯಿಂದ ಶುರು ಮಾಡಿ ಅಂತ ಮೇಲಿನವರು ಹೇಳಿದ್ರೆ ನಮಗೇನು, ದಾರಿ ಅಷ್ಟೇ ಅಲ್ವಾ? ಆದ್ರೆ ಹಸೀದು ಒಣದು ಬೇರೆ ಮಾಡಿ ಕೊಡಿ. ಕೈ ಹಾಕಿ ಬಿಡಿಸೋರು ನಾವು’ ಎಂದರು. ಪರಿಹಾರ ಅಲ್ಲೇ ಸಿಕ್ಕಿತು, ನಮ್ಮ ಪಾಲಿನ ತಪ್ಪೂ ಸಿಕ್ಕಿತು. ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು, ಬಯಲಲ್ಲಿ ಸುಡಬಾರದು ಎಂಬುದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು.

ಮನವಿ: ಒಂದು ಪುಟ, ಒಂದು ಬೇಡಿಕೆ

ಯಾವ ಕೆಲಸ ಯಾರದ್ದೆಂದು ತಿಳಿದುಕೊಳ್ಳಿ. ಕಸ, ಚರಂಡಿ ನಗರಸಭೆಯ ಆರೋಗ್ಯ ನಿರೀಕ್ಷಕರು ಮತ್ತು ಪರಿಸರ ಎಂಜಿನಿಯರ್ ಅವರದ್ದು, ಅವರ ಮೇಲೆ ಪೌರಾಯುಕ್ತರು. ಮರ ಕಡಿಯಲು ಅನುಮತಿ ಕೊಡುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆ. ತಂತಿಗೆ ತಾಗುವ ಕೊಂಬೆ ವಿದ್ಯುತ್ ಕಂಪನಿ ಮೆಸ್ಕಾಂನದ್ದು. ಕಾರ್ಖಾನೆ ಹೊಗೆಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಕೆರೆಯ ವಿಷಯ ಮಾತ್ರ ಗೋಜಲು. ಅದು ಯಾರ ಸುಪರ್ದಿಯಲ್ಲಿದೆ ಎಂದು ಪತ್ತೆ ಹಚ್ಚುವುದೇ ಅರ್ಧ ಕೆಲಸ.

ನನ್ನ ಮೊದಲ ಮನವಿ ಆರು ಪುಟವಿತ್ತು. ಧ್ರುವದ ಹಿಮ ಕರಗುವುದರಿಂದ ಶುರುವಾಗಿ ನಮ್ಮ ಬೀದಿಯ ನಾಯಿಗಳವರೆಗೆ ಎಲ್ಲ ಇತ್ತು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ‘ಸೂಕ್ತ ಕ್ರಮಕ್ಕಾಗಿ’ ತಿರುಗಿ ತಿರುಗಿ ಎಲ್ಲೋ ಮಲಗಿತು. ಎರಡನೆಯದು ಒಂದೇ ಪುಟ: ಕಸದ ಆಟೊ ನಮ್ಮ ಬೀದಿಯಿಂದ ಶುರುವಾಗಲಿ. ಜೊತೆಗೆ ಹದಿನೈದು ದಿನಗಳ ಪಟ್ಟಿ, ಮೂರು ಫೋಟೊ, ಇಪ್ಪತ್ತಾರು ಮನೆಯವರ ಸಹಿ. ಕಸ ಬೇರ್ಪಡಿಸಿ ಕೊಡುತ್ತೇವೆ ಎಂಬ ಒಪ್ಪಿಗೆಯನ್ನೂ ಅದರಲ್ಲೇ ಬರೆದಿದ್ದೆವು. ಬೇಡಿಕೆಯ ಜೊತೆ ನಮ್ಮ ಪಾಲೂ ಇದ್ದದ್ದಕ್ಕೋ ಏನೋ, ಈ ಸಲ ಕಾಗದ ಓದಿದರು.

ಕೈಯಲ್ಲಿ ಕೊಟ್ಟು ಬರಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಳ್ಳಿ. ಒಂದು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಇಂಥ ನಂಬರಿನ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎನ್ನಿ. ನಮಗೆ ಅದರ ಅಗತ್ಯ ಬೀಳಲಿಲ್ಲ. ಎರಡು ತಿಂಗಳಿಗೆ ಆಟೊದ ಹಾಡು ಆರೂ ಕಾಲಿಗೆ ಕೇಳತೊಡಗಿತು.

ಬೀದಿಯಿಂದ ಊರಿಗೆ

ಒಂದು ಬೀದಿ ಸರಿಯಾದರೆ ಪಕ್ಕದ ಬೀದಿಯವರು ತಾವಾಗಿ ಬಂದು ಕೇಳುತ್ತಾರೆ. ಆಗ ನಾಲ್ಕು ಪುಸ್ತಕಗಳನ್ನು ಸೇರಿಸಿ ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಸಾರ್ವಜನಿಕರಿಂದ ಸಲಹೆ ಕೇಳುವ ಈ ಸಭೆಗೆ ಹೋಗುವವರು ಕಡಿಮೆ. ಹಣವಿಲ್ಲದ ಭರವಸೆಗಿಂತ ಬಜೆಟ್ಟಿನ ಒಂದು ಸಾಲು ಮೇಲು. ಬಸವನಹಳ್ಳಿ ಕೆರೆ ಸುತ್ತ ನೆರಳಿನ ಮರ ಬೇಕೋ, ಎಂ.ಜಿ. ರಸ್ತೆಯಲ್ಲಿ ನಡೆಯಲು ಜಾಗ ಬೇಕೋ, ಒಂದನ್ನೇ ಕೇಳಿ, ಬರಹದಲ್ಲಿ ಕೊಡಿ.

ಇಷ್ಟರಿಂದ ಏನಾದೀತು ಎನ್ನುವವರಿಗೆ ನಮ್ಮದೇ ಜಿಲ್ಲೆಯ ಕುದುರೆಮುಖವಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಕೊನೆಯ ಗಡುವು ಹಾಕಿತು, 2005ರ ಅಂತ್ಯಕ್ಕೆ ಗಣಿ ನಿಂತಿತು. ಗಣಿಯ ವಿರುದ್ಧ ನಡೆದ ಹೋರಾಟದಲ್ಲಿ ಘೋಷಣೆಯೂ ಇತ್ತು, ಭದ್ರಾ ನದಿಗೆ ಸೇರುತ್ತಿದ್ದ ಹೂಳಿನ ಲೆಕ್ಕವೂ ಇತ್ತು.

ಇನ್ನೊಂದು ಸಣ್ಣ ವಿಷಯ. ಮೇ ಮುಗಿಯುವುದರೊಳಗೆ ಪುಸ್ತಕವನ್ನೂ ಸೀಲು ಹಾಕಿಸಿದ ಪ್ರತಿಗಳನ್ನೂ ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲ ಗೊತ್ತಲ್ಲ. ನನ್ನ ಮೊದಲ ವರ್ಷದ ಕಾಗದಕ್ಕೆ ಬೂಸ್ಟು ಹಿಡಿದು ತಾರೀಖೇ ಅಳಿಸಿಹೋಗಿತ್ತು.